ಬಣ್ಣಕ್ಕೆ ಮೊದಲು ಸೂರು: ಮಾರುವ ಮನೆ, ಬಾಡಿಗೆ ಮನೆಗೆ ಯಾವ ದುರಸ್ತಿ?

ಮನೆ ಮಾರೋಣ ಅಥವಾ ಬಾಡಿಗೆಗೆ ಕೊಡೋಣ ಎಂದು ತೀರ್ಮಾನವಾದ ಕೂಡಲೇ ನಮ್ಮ ಊರುಗಳಲ್ಲಿ ಮೊದಲ ಫೋನ್ ಹೋಗುವುದು ಬಣ್ಣ ಬಳಿಯುವವರಿಗೆ. ಒಳಗೆ ಪುಟ್ಟಿ, ಹೊರಗೆ ದೂರದಿಂದಲೇ ಕಾಣುವ ಬಣ್ಣ, ಗೇಟಿಗೊಂದು ಕೋಟ್. ಎಲ್ಲ ಮುಗಿದು ಒಂದು ಮುಂಗಾರು ಕಳೆಯುವಷ್ಟರಲ್ಲಿ ಚಾವಣಿಯ ಮೂಲೆಯಲ್ಲಿ ಹಳದಿ ಕಲೆ ಮತ್ತೆ ಎದ್ದು ಕೂರುತ್ತದೆ, ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದಂತೆ ಬಿಟ್ಟುಕೊಳ್ಳುತ್ತದೆ. ಕೊಳ್ಳಲು ಬಂದವರು, ಅದರಲ್ಲೂ ಜೊತೆಗೆ ಒಬ್ಬ ಮೇಸ್ತ್ರಿಯನ್ನು ಕರೆತಂದವರು, ಬಾಗಿಲು ದಾಟಿದೊಡನೆ ತಲೆ ಎತ್ತಿ ಚಾವಣಿ ನೋಡುತ್ತಾರೆ. ಅಲ್ಲಿ ಕಲೆ ಕಂಡರೆ ಉಳಿದ ಮನೆಯನ್ನೂ ಅನುಮಾನದಿಂದಲೇ ನೋಡುತ್ತಾರೆ, ಬೆಲೆಯೂ ಅಲ್ಲಿಂದಲೇ ಇಳಿಯತೊಡಗುತ್ತದೆ.

ಆದ್ದರಿಂದ ದುರಸ್ತಿಗೆ ಎತ್ತಿಟ್ಟ ದುಡ್ಡು ಮೊದಲು ಹೋಗಬೇಕಾದದ್ದು ನೀರು ತಡೆಯುವುದಕ್ಕೆ. ಆಮೇಲೆ ಜೀವಕ್ಕೆ ಅಪಾಯ ತರುವ ವೈರಿಂಗ್, ಬಿರುಕುಬಿಟ್ಟ ಸಜ್ಜಾ, ಬಾಯ್ದೆರೆದ ಗುಂಡಿ. ಅದಾದ ಮೇಲೆ ದಿನವೂ ಬಳಸುವ ನಲ್ಲಿ, ಬಚ್ಚಲು, ಚಿಲಕ. ಉಳಿದದ್ದು ಬಣ್ಣಕ್ಕೆ. ಈ ಸರದಿ ತಪ್ಪಿದರೆ ಖರ್ಚು ಎರಡು ಸಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ದಾವಣಗೆರೆ ಜಿಲ್ಲೆಯವೇ. ಆದರೆ ಮನೆಗಳ ಕಾಯಿಲೆ ಬೇರೆ ಬೇರೆ. 1997ರಲ್ಲಿ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿದ್ದು ಈಚೆಗೆ. ಒಂದು ಕಡೆ ಅರೆಮಲೆನಾಡಿನ ಮಳೆ, ಅಡಿಕೆ ತೋಟದ ತಂಪು. ಇನ್ನೊಂದು ಕಡೆ ತುಂಗಭದ್ರೆಯ ದಂಡೆ. ಮತ್ತೊಂದು ಕಡೆ ಬಯಲುಸೀಮೆಯ ಬಿಸಿಲು, ಬೋರ್‌ವೆಲ್ಲಿನ ಗಡಸು ನೀರು. ಯಾರೋ ಬೆಂಗಳೂರಿನವರು ಹೇಳಿದ ದುರಸ್ತಿ ಪಟ್ಟಿಯನ್ನು ಇಲ್ಲಿಗೆ ತಂದರೆ ಕೆಲಸಕ್ಕೆ ಬರುವುದಿಲ್ಲ.

ಸೂರು

ಚನ್ನಗಿರಿ, ನ್ಯಾಮತಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಸೋರಿಕೆಗೆ ಒಡೆದ ಹಂಚಿಗಿಂತ ಜಾರಿದ ಹಂಚೇ ಹೆಚ್ಚು ಕಾರಣ. ಕೋತಿ ಓಡಾಡಿದರೆ, ಗಾಳಿ ಬೀಸಿದರೆ, ಕೆಳಗಿನ ಪಟ್ಟಿ ಬಾಗಿದರೆ ಹಂಚು ಒಂದೆರಡು ಇಂಚು ಸರಿಯುತ್ತದೆ. ಹಗಲು ಹೊತ್ತಿನಲ್ಲಿ ದೀಪ ಆರಿಸಿ, ಕಿಟಕಿ ಮುಚ್ಚಿ, ಅಟ್ಟದಲ್ಲಿ ನಿಂತು ಮೇಲೆ ನೋಡಿ. ಎಲ್ಲೆಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಂಚು ಹೊಂದಿಸುವವರು ಬಂದ ದಿನ ಆ ಗುರುತುಗಳೇ ಅರ್ಧ ಕೆಲಸ ಉಳಿಸುತ್ತವೆ. ಹಂಚು ಇಳಿಸಿದಾಗ ಕೆಳಗಿನ ಪಟ್ಟಿ, ತೊಲೆಗಳನ್ನು ನೋಡದೆ ಮತ್ತೆ ಮುಚ್ಚಬೇಡಿ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ ಮೊದಲು ಕೊಳೆಯುವ ಜಾಗ; ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಒಳಗಿಳಿದರೆ ಆ ತೊಲೆ ಬದಲಿಸಲೇಬೇಕು. ನೆತ್ತಿಯ ಹಂಚಿನ ಸಂದಿಯ ಗಾರೆ ಉದುರಿದ್ದರೆ ಅದನ್ನೂ ಇದೇ ಸಲ ಕಟ್ಟಿಸಿ. ಹಳೆಯ ಮಂಗಳೂರು ಹಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಕೊಂಚ ಬೇರೆ. ಹೊಸದು ಹಳೆಯದರ ಕಚ್ಚಿನಲ್ಲಿ ಕೂರದಿದ್ದರೆ ಅಲ್ಲೇ ಸೋರುತ್ತದೆ. ಹಾಗಾಗಿ ಹಳೆ ಮನೆ ಕೆಡವಿದ ಕಡೆಯಿಂದ ಅದೇ ಮಾದರಿಯ ಹಂಚು ಹುಡುಕುವುದು ಮೇಲು.

ಸಿಮೆಂಟ್ ಶೀಟಿನ ಸೂರಿದ್ದರೆ ಒಂದು ಎಚ್ಚರಿಕೆ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಕೊಯ್ದಾಗ, ತೂತು ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕಾಯಿಲೆಯಾಗಿ ಬರುತ್ತದೆ. ಶೀಟನ್ನು ನೀರಿನಿಂದ ನೆನೆಸಿಯೇ ಬಿಚ್ಚಿಸಿ. ಒಣ ಪೊರಕೆಯಲ್ಲಿ ಗುಡಿಸುವುದು, ಒಡೆದ ಚೂರು ಹಿತ್ತಲಲ್ಲಿ ಬಿಸಾಡುವುದು ಎರಡೂ ಬೇಡ.

ಜಗಳೂರು ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹರಡಿ, ನೀರು ದೋಣಿಯ ಕಡೆಗೇ ಹರಿಯುವಂತೆ ಇಳಿಜಾರು ಕೊಟ್ಟು ದಮ್ಮಸು ಮಾಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಅದರ ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿದು ‘ಪಕ್ಕಾ’ ಮಾಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಮಣ್ಣಿನ ಭಾರವನ್ನೇ ಹೊತ್ತು ದಣಿದ ಮರದ ತೊಲೆಗಳಿಗೆ ಅದು ಹೆಚ್ಚಿನ ಹೊರೆ, ಮೇಲಾಗಿ ಕಾಂಕ್ರೀಟ್ ಬಿರುಕು ಬಿಟ್ಟರೆ ಒಳಗಿನ ಸೋರಿಕೆ ಕಣ್ಣಿಗೇ ಕಾಣುವುದಿಲ್ಲ.

ಈಗ ಮಾರಾಟಕ್ಕೆ ಬರುವ ಹೆಚ್ಚಿನವು ಆರ್‌ಸಿಸಿ ಮನೆಗಳು. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಕಟ್ಟಿದ ತಾರಸಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ತಪ್ಪಿರುತ್ತದೆ: ನೀರು ಹರಿಯುವ ವಾಟ ಸಾಲದು, ನೀರು ಹೋಗುವ ಪೈಪಿನ ಬಾಯಿ ತಾರಸಿ ಮಟ್ಟಕ್ಕಿಂತ ಮೇಲಿದೆ, ಪ್ಯಾರಾಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆಯಲ್ಲಿ ಬಿರುಕು, ಮತ್ತು ಸಿಂಟೆಕ್ಸ್ ಟ್ಯಾಂಕ್ ಇಟ್ಟ ಕಟ್ಟೆಯ ಸುತ್ತ ಸದಾ ತೇವ. ವಾಟ ಹತ್ತು ಅಡಿಗೆ ಒಂದು ಇಂಚಿಗಿಂತ ಕಡಿಮೆ ಇರಬಾರದು.

ಎಲ್ಲಿ ಸೋರುತ್ತದೆ ಎಂದು ತಿಳಿಯಲು ಮಳೆಗೆ ಕಾಯಬೇಕಿಲ್ಲ. ಪೈಪಿನ ಬಾಯಿಗಳನ್ನು ಬಟ್ಟೆ, ಜೇಡಿಮಣ್ಣಿನಿಂದ ಮುಚ್ಚಿ ತಾರಸಿಯ ಮೇಲೆ ಎರಡಿಂಚು ನೀರು ನಿಲ್ಲಿಸಿ. ಒಂದರಿಂದ ಎರಡು ದಿನ ಬಿಟ್ಟು ಕೆಳಗಿನ ಚಾವಣಿಯನ್ನು ಬೆಳಗ್ಗೆ, ಸಂಜೆ ನೋಡಿ. ತೇವ ಮೂಡಿದ ಜಾಗವನ್ನು ಪೆನ್ಸಿಲಿನಲ್ಲಿ ಸುತ್ತುಹಾಕಿ, ಫೋಟೋ ತೆಗೆದಿಡಿ. ಆದರೆ ಇದನ್ನು ಗಟ್ಟಿಯಾಗಿರುವ ತಾರಸಿಯಲ್ಲಿ ಮಾತ್ರ ಮಾಡಿ. ನೂರು ಚದರ ಅಡಿಯಲ್ಲಿ ಎರಡಿಂಚು ನೀರು ನಿಂತರೆ ಅದರ ತೂಕ 450 ಕಿಲೋ ದಾಟುತ್ತದೆ. ಕಂಬಿ ಕಾಣುತ್ತಿರುವ, ಚಾವಣಿ ಚಕ್ಕೆ ಉದುರುತ್ತಿರುವ ಮನೆಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಪೈಪ್ ಹಿಡಿದು ಒಂದೊಂದೇ ಜಾಗಕ್ಕೆ ನೀರು ಬಿಟ್ಟು ನೋಡಿದರೆ ಸಾಕು.

ಬಿರುಕು ಸಿಕ್ಕಿದ ಮೇಲೆ ಅದರ ಮೇಲೆ ಸಿಮೆಂಟ್ ಹಾಲು ಸುರಿಯುವುದು ದುಡ್ಡು ಸುರಿದಂತೆ. ಬಿರುಕನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಅಗಲಿಸಿ, ಧೂಳು ತೆಗೆದು, ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಪ್ಯಾರಾಪೆಟ್ ಮೂಲೆಯಲ್ಲಿ ನೀರು ನಿಲ್ಲದಂತೆ ಓರೆಯಾಗಿ ಗಾರೆ ಕೊಡಬೇಕು. ಜಲನಿರೋಧಕ ಬಣ್ಣ ಇವೆಲ್ಲ ಮುಗಿದ ಮೇಲಿನ ಮಾತು. ಜಗಳೂರಿನಂಥ ಬಿಸಿಲೂರಿನಲ್ಲಿ ತಾರಸಿಗೆ ಬಿಳಿ ಬಣ್ಣ ಅಥವಾ ಸುಣ್ಣ ಬಳಿದರೆ ಒಳಗಿನ ಕಾವು ಕಡಿಮೆಯಾಗುವುದು ಬಾಡಿಗೆಗೆ ಬಂದವರಿಗೆ ಮೊದಲ ಮಧ್ಯಾಹ್ನವೇ ಗೊತ್ತಾಗುತ್ತದೆ.

ಚಾವಣಿಯ ಒಳಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟಣ್ ಎಂದರೆ ಗಟ್ಟಿ. ಬೊದ್ ಎಂದು ಟೊಳ್ಳು ಸದ್ದು ಬಂದರೆ ಒಳಗೆ ಕಾಂಕ್ರೀಟ್ ಕಂಬಿಯಿಂದ ಬಿಟ್ಟುಕೊಂಡಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಕಾಂಕ್ರೀಟನ್ನು ಒಳಗಿನಿಂದ ಒದ್ದು ಉದುರಿಸುತ್ತದೆ. ಒಂದೆರಡು ಕಡೆ ಹೀಗಿದ್ದರೆ ಸಡಿಲವಾದದ್ದನ್ನೆಲ್ಲ ಕೆತ್ತಿ, ಕಂಬಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಗಾರೆ ಹಿಡಿಸಬಹುದು. ಕೋಣೆ ತುಂಬ ಇದ್ದರೆ ಮೇಸ್ತ್ರಿಯ ಮಾತು ಸಾಲದು, ಸಿವಿಲ್ ಎಂಜಿನಿಯರ್ ಬಂದು ನೋಡಲಿ. ಅಂಥ ಚಾವಣಿಗೆ ಪುಟ್ಟಿ ಮೆತ್ತಿ, ಕೆಳಗೆ ಇನ್ನೊಬ್ಬರ ಮಕ್ಕಳನ್ನು ಮಲಗಿಸುವುದು ಮಾಡಬಾರದ ಕೆಲಸ.

ಗೋಡೆಯ ತೇವ ಎಲ್ಲಿಂದ ಬರುತ್ತದೆ

ಗೋಡೆಯ ಬುಡದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೀರು ನೆಲದಿಂದ ಮೇಲೇರುತ್ತಿದೆ ಎಂದೇ ಲೆಕ್ಕ. ನಮ್ಮ ಪಟ್ಟಣಗಳಲ್ಲಿ ಇದಕ್ಕೊಂದು ದೊಡ್ಡ ಕಾರಣ ರಸ್ತೆ. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಡಾಂಬರು, ಅದರ ಮೇಲೆ ಕಾಂಕ್ರೀಟ್ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಮನೆ ತಗ್ಗಾಗುತ್ತದೆ. ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗುವ ಮನೆಗಳಿವೆ. ಅಂಥ ಕಡೆ ಗೋಡೆಗೆ ಎಷ್ಟು ಬಣ್ಣ ಬಳಿದರೂ ನಿಲ್ಲದು. ಮನೆಯ ಹೊರಸುತ್ತು ಮಣ್ಣು ತೆಗೆದು, ನೀರು ಗೋಡೆಯಿಂದ ದೂರ ಹರಿಯುವಂತೆ ಎರಡು ಮೂರು ಅಡಿ ಅಗಲದ ಇಳಿಜಾರು ಕಟ್ಟಿಸಿ, ಚರಂಡಿಗೆ ದಾರಿ ಮಾಡುವುದೇ ನಿಜವಾದ ದುರಸ್ತಿ. ಸೂರಿನ ನೀರು ಬೀಳುವ ಪೈಪು ಗೋಡೆಯ ಬುಡದಲ್ಲೇ ಕೊನೆಯಾಗಿದ್ದರೆ ಅದಕ್ಕೊಂದು ಮೊಣಕೈ ಜೋಡಿಸಿ ದೂರ ಒಯ್ಯಿರಿ. ನೂರಿನ್ನೂರು ರೂಪಾಯಿಯ ಪೈಪು ಸಾವಿರಾರು ರೂಪಾಯಿಯ ಬಣ್ಣ ಉಳಿಸುತ್ತದೆ.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬ ಗೊಂದಲವಿದ್ದರೆ ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಮುಂಬದಿಯಲ್ಲಿ ಕಟ್ಟಿದ್ದರೆ ಕೋಣೆಗೆ ಗಾಳಿ ಸಾಲದು. ಬಚ್ಚಲಿಗೆ ಒಂದು ವೆಂಟಿಲೇಟರ್, ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು.

ಚನ್ನಗಿರಿಯ ಹಳೇ ಪೇಟೆಯಲ್ಲಿ, ಸಂತೇಬೆನ್ನೂರಿನಲ್ಲಿ, ನ್ಯಾಮತಿ ಸುತ್ತಿನ ಹಳ್ಳಿಗಳಲ್ಲಿ ದಪ್ಪ ಮಣ್ಣಿನ ಗೋಡೆ, ಸುಣ್ಣದ ಗಾರೆಯ ಮನೆಗಳನ್ನು ಹೊಂದಿದವರಿಗೆ ನನ್ನ ಕಳಕಳಿಯ ಮಾತು ಒಂದೇ: ದಯವಿಟ್ಟು ಅವುಗಳಿಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ಮಣ್ಣಿನ ಗೋಡೆ ತೇವ ಹೀರಿ, ತೇವ ಬಿಡುತ್ತ ಬದುಕುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ನೀರು ನಿಂತು ಗೋಡೆ ಮೆತ್ತಗಾಗಿ, ಎರಡು ಮೂರು ವರ್ಷದಲ್ಲಿ ಪ್ಲಾಸ್ಟರ್ ಹಲಗೆಯಂತೆ ಕಳಚಿ ಬೀಳುತ್ತದೆ, ಜೊತೆಗೆ ಮಣ್ಣನ್ನೂ ಕಿತ್ತುಕೊಂಡು. ಮಣ್ಣು, ಸುಣ್ಣದ ಗಾರೆಯಲ್ಲೇ ತೇಪೆ ಹಾಕಿ ಮೂರು ಕೋಟ್ ಸುಣ್ಣ ಬಳಿದರೆ ಖರ್ಚೂ ಕಡಿಮೆ, ಮನೆಯೂ ತಣ್ಣಗೆ. ಸುಣ್ಣ ಕದಡುವಾಗ, ಬಳಿಯುವಾಗ ಕಣ್ಣಿಗೆ ಕನ್ನಡಕ ಇರಲಿ. ಕಂಬ, ಕೆತ್ತನೆಯ ಬಾಗಿಲಿರುವ ಇಂಥ ಮನೆಯನ್ನು ಇಷ್ಟಪಟ್ಟು ಹುಡುಕುವವರು ಈಗ ಇದ್ದಾರೆ. ಸಿಮೆಂಟು, ಟೈಲ್ಸ್‌ನಿಂದ ಹೊಸದಾಗಿಸಲು ಹೊರಟರೆ ಹಳೆಯದರ ಬೆಲೆಯೂ ಹೋಗುತ್ತದೆ, ಹೊಸದರ ಬೆಲೆಯೂ ಬರುವುದಿಲ್ಲ.

ಹೊನ್ನಾಳಿಯ ನದಿ ಪಕ್ಕದ ಮನೆಗಳದು ಬೇರೆಯೇ ಕಥೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊಳೆ ನ್ಯಾಮತಿ, ಹೊನ್ನಾಳಿ ಸೀಮೆಗೆ ಬರುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ತುಂಬಿದ ಮೇಲೆ ಬಂದ ನೀರು ಬಂದಂತೆ ಹೊರಗೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಹೊನ್ನಾಳಿಯ ತಗ್ಗು ಜಾಗಗಳಿಗೆ ನೀರು ನುಗ್ಗಿದ್ದು ಅಲ್ಲಿಯವರಿಗೆ ನೆನಪಿದೆ. ನೀರು ನಿಂತ ಗೋಡೆ ಒಣಗಲು ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. ಎರಡೂ ಕಡೆ ಬಿಸಿಲು, ಗಾಳಿ ಸಿಕ್ಕರೆ ಅದಕ್ಕಿಂತ ಬೇಗ. ಅಲ್ಲಿಯವರೆಗೆ ಪುಟ್ಟಿ, ಆಯಿಲ್ ಪೇಂಟ್ ಬೇಡ. ಅಂಥ ಮನೆಯಲ್ಲಿ ಸ್ವಿಚ್ ಬೋರ್ಡು, ಮೀಟರನ್ನು ನೀರು ಬಂದ ಗುರುತಿಗಿಂತ ಮೇಲೆ ಏರಿಸುವುದು, ಕೆಳಭಾಗಕ್ಕೆ ಪ್ಲೈವುಡ್ ಬದಲು ಕಡಪ ಕಲ್ಲಿನ ಕಪಾಟು ಇಡುವುದು ನಿಜವಾಗಿ ಉಪಯೋಗವಾಗುವ ಖರ್ಚು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೊಳ್ಳುವವರಿಗೆ ಹೇಳುವುದು ಧರ್ಮ, ಕಾನೂನೂ ಹೌದು. ಅದನ್ನು ಮುಂದೆ ಹೇಳುತ್ತೇನೆ.

ಹೊಸ ಪ್ಲಾಸ್ಟರಿಗೆ ಕನಿಷ್ಠ ಏಳು ದಿನ ನೀರುಣಿಸಿ, ಸುಮಾರು ನಾಲ್ಕು ವಾರ ಒಣಗಲು ಬಿಟ್ಟು ಆಮೇಲೆ ಬಣ್ಣ. ಪ್ಲಾಸ್ಟರಿಂಗ್‌ಗೆ ಒರಟು ಎಂ-ಸ್ಯಾಂಡ್ ಬದಲು ನುಣುಪಾದ ಪಿ-ಸ್ಯಾಂಡ್ ತರಿಸಿ. ಹಳೆಯ ಆಯಿಲ್ ಪೇಂಟನ್ನು ಉಜ್ಜುವಾಗ ನೆನೆಸಿ ಉಜ್ಜಿಸಿ, ಮಕ್ಕಳನ್ನು, ಬಸುರಿಯರನ್ನು ದೂರವಿಡಿ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ, ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದ್ದೀತು. ಬಣ್ಣದ ಆಯ್ಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ: ತಿಳಿಯಾದ ಒಂದೇ ಬಣ್ಣ ಇಡೀ ಮನೆಗೆ ಸಾಕು.

ಗೆದ್ದಲು

ಅಡಿಕೆ ಸೀಮೆಯಲ್ಲಿ ಗೋಡೆಗೆ ಒರಗಿಸಿಟ್ಟ ಅಡಿಕೆ ದಬ್ಬೆ, ಸೌದೆ, ಸಿಪ್ಪೆ ರಾಶಿ ಗೆದ್ದಲಿಗೆ ಹಾಕಿಕೊಟ್ಟ ಏಣಿ. ಮನೆ ತೋರಿಸುವ ಮೊದಲು ಅವನ್ನೆಲ್ಲ ಗೋಡೆಯಿಂದ ದೂರ ಸಾಗಿಸಿ. ಆಮೇಲೆ ಬಾಗಿಲ ಚೌಕಟ್ಟಿನ ಬುಡ, ಮೆಟ್ಟಿಲ ಕೆಳಗಿನ ಸಂದಿ, ಸ್ವಿಚ್ ಬೋರ್ಡಿನ ಹಿಂಭಾಗದಲ್ಲಿ ಪೆನ್ಸಿಲಿನಷ್ಟು ಅಗಲದ ಮಣ್ಣಿನ ಗೆರೆ ಇದೆಯೇ ನೋಡಿ. ಅದನ್ನು ಗುಡಿಸಿ ಹಾಕಿದರೆ ಗೆದ್ದಲು ಹೋಗುವುದಿಲ್ಲ. ಒಂದು ಕಡೆ ಸ್ವಲ್ಪ ಮುರಿದು ಬಿಡಿ, ಒಂದೆರಡು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ಗೂಡು ಜೀವಂತವಿದೆ. ಆಗ ನೆಲ ಗೋಡೆ ಸೇರುವ ಕಡೆ ಸುಮಾರು ಒಂದಡಿಗೊಂದರಂತೆ ತೂತು ಕೊರೆದು ಔಷಧ ತುಂಬುವವರನ್ನೇ ಕರೆಸಬೇಕು. ತೋಟಕ್ಕೆಂದು ತಂದ ಕೀಟನಾಶಕವನ್ನು ಮಲಗುವ ಕೋಣೆಗೆ ಸಿಂಪಡಿಸುವುದು ಅಪಾಯ. ಔಷಧ ಹಾಕಿಸಿದ ಬಿಲ್ಲು, ಗ್ಯಾರಂಟಿ ಚೀಟಿ ಜೋಪಾನ. ಕೊಳ್ಳುವವರಿಗೆ ಅದು ಹೊಸ ಬಣ್ಣಕ್ಕಿಂತ ಹೆಚ್ಚು ನಂಬಿಕೆ ಕೊಡುತ್ತದೆ.

ನೀರು, ಬಚ್ಚಲು, ಗುಂಡಿ

ಬಾಡಿಗೆಗೆ ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ನೀರಿನದು. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯೇ. ಜಗಳೂರಿನಲ್ಲಂತೂ ಮನೆಯ ಬೆಲೆಯನ್ನೇ ಇದು ತೀರ್ಮಾನಿಸುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಹತ್ತಿಪ್ಪತ್ತು ಲೀಟರ್ ತಿನ್ನುತ್ತದೆ. ಗಡಸು ನೀರಿನ ಊರಲ್ಲಿ ಹಳೆಯ ಕಬ್ಬಿಣದ ಪೈಪಿನೊಳಗೆ ಸುಣ್ಣ ಕಟ್ಟಿ ತೂತು ಬೆರಳು ಹಿಡಿಸದಷ್ಟು ಕಿರಿದಾಗಿರುತ್ತದೆ. ಷವರ್ ಬದಲಿಸಿ ಫಲವಿಲ್ಲ, ಪೈಪನ್ನೇ ಸಿಪಿವಿಸಿಗೆ ಬದಲಿಸಬೇಕು. ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಅದು ಬಳಕೆಗೆ ಮಾತ್ರ ಎಂದು ಬಾಡಿಗೆದಾರರಿಗೆ ಸ್ಪಷ್ಟವಾಗಿ ಹೇಳಿ.

ಇದೆಲ್ಲಕ್ಕಿಂತ ಒಳ್ಳೆಯ ಹೂಡಿಕೆ ಸೂರಿನ ನೀರನ್ನು ಸಂಪಿಗೆ ಇಳಿಸುವುದು. ಸಾವಿರ ಚದರ ಅಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗುವುದನ್ನು ಕಳೆದರೂ ಸುಮಾರು 1,500 ಲೀಟರ್ ಕೈಗೆ ಸಿಗುತ್ತದೆ. ತಾರಸಿ ಹೇಗೂ ದುರಸ್ತಿಯಾಗುತ್ತಿರುವಾಗ ಪೈಪುಗಳನ್ನು ಒಟ್ಟುಗೂಡಿಸಿ, ಮೊದಲ ಮಳೆಯ ಕೊಳೆ ನೀರು ಹೊರಹೋಗಲು ಒಂದು ಗೇಟ್ ವಾಲ್ವ್ ಕೊಟ್ಟು, ಜಲ್ಲಿ, ಇದ್ದಿಲು, ಮರಳಿನ ಸೋಸುಗ ಇಟ್ಟರೆ ಖರ್ಚು ಹೆಚ್ಚಾಗುವುದಿಲ್ಲ.

ಪಾಯಿಖಾನೆ ಗುಂಡಿ ತುಂಬಿದ್ದರೆ ಮಾರುವ ಮೊದಲೇ ಖಾಲಿ ಮಾಡಿಸಿ, ಆದರೆ ಸ್ಥಳೀಯ ಸಂಸ್ಥೆಯ ಸಕ್ಕಿಂಗ್ ಯಂತ್ರದಿಂದ ಮಾತ್ರ. ಮನುಷ್ಯರನ್ನು ಗುಂಡಿಗೆ ಇಳಿಸುವುದು ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿ ಜೀವ ತೆಗೆಯುತ್ತದೆ, ಎತ್ತಲು ಇಳಿದವರನ್ನೂ ಬಿಡುವುದಿಲ್ಲ. ಮುಚ್ಚಳ ಬಿರುಕು ಬಿಟ್ಟಿದ್ದರೆ ಇಂದೇ ಬದಲಿಸಿ. ಸಂಪಿನ ಮುಚ್ಚಳಕ್ಕೂ ಬೀಗ ಇರಲಿ.

ವೈರಿಂಗ್

ಇದರಲ್ಲಿ ಜಿಪುಣತನ ಬೇಡ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಮಾನ್ಯ ಅಳತೆ. ಹಳೆಯ ಪಿಂಗಾಣಿ ಫ್ಯೂಸ್ ತೆಗೆದು ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಜೀವ ಉಳಿಯುತ್ತದೆ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಮಾಡದಿರುವುದು ಬಯಲುಸೀಮೆಯ ಸಾಮಾನ್ಯ ತೊಂದರೆ, ಅದಕ್ಕೆ ಆಗಾಗ ನೀರು ಹಾಕಲು ಬರುವಂತೆ ಪೈಪು ಬಿಟ್ಟಿರಬೇಕು. ಕೆಲಸ ಲೈಸೆನ್ಸ್ ಇದ್ದವರಿಂದಲೇ ಆಗಲಿ.

ಬಾಡಿಗೆ ಮನೆಗೆ ಸಂಬಂಧಿಸಿ ಇನ್ನೊಂದು. 2023ರ ಜುಲೈನಲ್ಲಿ ಶುರುವಾದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದಿನವರ ಆಧಾರ್ ಜೋಡಣೆಯನ್ನು ಬಿಡಿಸದೆ ಹೊಸಬರು ನೋಂದಾಯಿಸಲಾರರು. ಮನೆ ಖಾಲಿಯಾಗುವ ದಿನವೇ ಅದನ್ನು ಮುಗಿಸಿ, ಬೆಸ್ಕಾಂ ಬಾಕಿ ಎಷ್ಟಿದೆ ಎಂದೂ ನೋಡಿಬಿಡಿ.

ಬಾಡಿಗೆಗೆ ಎಷ್ಟು, ಮಾರಾಟಕ್ಕೆ ಎಷ್ಟು

ಲೆಕ್ಕ ಹಾಕಿ ನೋಡೋಣ. ಗ್ರಾನೈಟ್, ಮಾಡ್ಯುಲರ್ ಅಡುಗೆಮನೆ ಎಂದು 60,000 ರೂಪಾಯಿ ಹಾಕಿ ಬಾಡಿಗೆ ತಿಂಗಳಿಗೆ 500 ಹೆಚ್ಚು ಬಂದರೆ ಹಾಕಿದ್ದು ಮರಳಲು 120 ತಿಂಗಳು, ಅಂದರೆ ಹತ್ತು ವರ್ಷ ಬೇಕು. ಅದೇ, ನಲ್ಲಿ, ಬಚ್ಚಲ ಟೈಲ್ಸ್ ಸಂದಿ, ಬಾಗಿಲ ಚಿಲಕ, ಸೊಳ್ಳೆ ಪರದೆಗೆ 12,000 ಖರ್ಚು ಮಾಡಿ, 6,000 ಬಾಡಿಗೆಯ ಮನೆ ಎರಡು ತಿಂಗಳು ಖಾಲಿ ಉಳಿಯುವುದು ತಪ್ಪಿದರೆ ದುಡ್ಡು ಆಗಲೇ ಬಂದಂತೆ. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿ ನೌಕರರು, ಶಿಕ್ಷಕರು ಮನೆ ಹುಡುಕಿ ಬರುತ್ತಾರೆ. ವರ್ಗಾವಣೆಯಾಗಿ ಬಂದವರಿಗೆ ಬೇಕಾದದ್ದು ಭದ್ರವಾದ ಬಾಗಿಲು, ಮನೆಯೊಳಗೇ ಶೌಚಾಲಯ, ಬೈಕ್ ನಿಲ್ಲಿಸಲು ಜಾಗ, ನೀರು. ಗ್ರಾನೈಟ್ ಅವರ ಪಟ್ಟಿಯಲ್ಲಿ ಕೊನೆಯದು.

ಬಾಡಿಗೆಗೆ ಕೊಡುವಾಗ ಪ್ರತಿ ಕೋಣೆಯ ಫೋಟೋ ತೆಗೆದು, ಫ್ಯಾನ್, ಬಲ್ಬು, ಬೀಗದ ಕೈಗಳ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ಅಡ್ವಾನ್ಸ್ ಮುರಿದುಕೊಳ್ಳುವ ಜಗಳಗಳಲ್ಲಿ ಹೆಚ್ಚಿನವು ಈ ಒಂದು ಹಾಳೆಯಿಂದ ತಪ್ಪುತ್ತವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರರು ಮನೆಯನ್ನು ಸಹಜ ಸವೆತ ಬಿಟ್ಟು ತೆಗೆದುಕೊಂಡ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಮಾಲೀಕರು ತಾವು ಮಾಡಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಭೋಗ್ಯಕ್ಕೆ ಕೊಟ್ಟರೆ ದೊಡ್ಡ ದುರಸ್ತಿ ಯಾರದು ಎಂಬುದನ್ನು ಪತ್ರದಲ್ಲೇ ಬರೆಸಿ.

ಮಾರಾಟದಲ್ಲಿ ಇನ್ನೂ ಬಿಗಿ. ಅದೇ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ತಿಳಿಯದಂಥ ಮುಖ್ಯ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು; ಹೇಳದಿರುವುದು ಮೋಸ. ಹೊಳೆ ನೀರು ನುಗ್ಗಿದ್ದು, ಪುಟ್ಟಿಯ ಹಿಂದಿನ ತುಕ್ಕು ಕಂಬಿ, ಮುಚ್ಚಿಹೋದ ಹಳೆಯ ಬಾವಿಯ ಮೇಲೆ ಕಟ್ಟಿದ ಕೋಣೆ ಇಂಥವು. ಕರಾರು ಆದ ದಿನದಿಂದ ಮನೆ ಬಿಟ್ಟುಕೊಡುವವರೆಗೆ ಮನೆಯನ್ನು ಸಾಮಾನ್ಯ ವಿವೇಕದ ಮಾಲೀಕ ನೋಡಿಕೊಳ್ಳುವಂತೆ ಕಾಪಾಡುವುದೂ ಮಾರುವವರ ಹೊಣೆ.

ವಾಸ್ತುವಿಗೆಂದು ಬಾಗಿಲು ಕಿತ್ತು, ಮೆಟ್ಟಿಲು ತಿರುಗಿಸಿ ಆಮೇಲೆ ಮಾರುವವರಿದ್ದಾರೆ. ನನ್ನ ಸಲಹೆ, ಮಾಡಬೇಡಿ. ಕೊಳ್ಳುವವರ ನಂಬಿಕೆ, ಅವರ ಹೆಸರಿನ ಲೆಕ್ಕ ಬೇರೆಯೇ ಇರುತ್ತದೆ. ಆ ಕೆಲಸ ಅವರಿಗೇ ಬಿಡಿ. ಗೋಡೆ ಸರಿಸುವುದು, ಹೊಸ ಕೋಣೆ, ಮೇಲಂತಸ್ತು ಇವಕ್ಕೆ ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ದಾಖಲೆಯಲ್ಲಿನ ಅಳತೆಗೂ ಸ್ಥಳದಲ್ಲಿನ ಕಟ್ಟಡಕ್ಕೂ ತಾಳೆಯಾಗದಿದ್ದರೆ ಕೊಳ್ಳುವವರ ಬ್ಯಾಂಕ್ ಸಾಲವೇ ನಿಲ್ಲುತ್ತದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವಕ್ಕೆ ಅರ್ಜಿ ಹಾಕುವ ಕೆಲಸವನ್ನು ದುರಸ್ತಿ ಶುರುವಾದ ದಿನವೇ ಶುರುಮಾಡಿ, ಮೇಸ್ತ್ರಿ ಕೆಲಸಕ್ಕಿಂತ ಅದು ಹೆಚ್ಚು ದಿನ ಹಿಡಿಯುತ್ತದೆ.

ಯಾವಾಗ, ಯಾರಿಂದ

ಸೂರು, ಗೋಡೆಯ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ ಫೆಬ್ರುವರಿಯಿಂದ ಮೇ ಮಧ್ಯದವರೆಗೆ. ಗೋಡೆ ಒಣಗಿರುತ್ತದೆ, ಅಡಿಕೆ ಕೊಯ್ಲು ಮುಗಿದು ಆಳುಗಳು ಸಿಗುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ಬಾಡಿಗೆಗೆ ಕೇಳುವವರು ಬರುತ್ತಾರೆ. ಆಷಾಢದಲ್ಲಿ ಮನೆ ಕೊಳ್ಳುವವರು ಕಡಿಮೆ. ಶ್ರಾವಣ ಹುಟ್ಟಿದ ಮೇಲೆ, ಆಮೇಲೆ ಅಡಿಕೆ ದುಡ್ಡು ಕೈಗೆ ಬಂದಾಗ ಚನ್ನಗಿರಿ ಕಡೆ ವ್ಯವಹಾರ ಚುರುಕಾಗುತ್ತದೆ. ಮುಂಗಾರಿನಲ್ಲಿ ಒಂದೂ ಕಲೆ ಬೀಳದ ಚಾವಣಿಯನ್ನು ಆಗ ತೋರಿಸಿದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಡ.

ಕೆಲಸ ಒಪ್ಪಿಸುವಾಗ ‘ಇಡೀ ಮನೆ ದುರಸ್ತಿಗೆ ಇಷ್ಟು’ ಎಂಬ ಬಾಯಿಮಾತಿನ ಗುತ್ತಿಗೆ ಬೇಡ. ಯಾವ ಕೋಣೆ, ಎಷ್ಟು ಚದರ ಅಡಿ, ಯಾವ ಕಂಪನಿಯ ಸಾಮಾನು, ಎಷ್ಟು ಕೋಟ್, ಕಸ ಸಾಗಿಸುವುದು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ. ಸಾಮಾನಿನ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ತೆರೆದ ತಾರಸಿ, ಹಳೆಯ ಪೈಪು, ಹೊಸ ತಂತಿಯ ಫೋಟೋಗಳನ್ನೂ ಸೇರಿಸಿ. ಕೊಳ್ಳುವವರಿಗೆ ಬೀಗದ ಕೈ ಜೊತೆ ಆ ಫೈಲನ್ನೂ ಕೊಡಿ. ಆಳುಗಳ ಕೂಲಿಯನ್ನು ವಾರ ವಾರ ಪೂರ್ತಿ ಕೊಡಿ, ಅದನ್ನು ಹಿಡಿಯಬೇಡಿ. ತಾರಸಿ ಕೆಲಸ ಗುತ್ತಿಗೆ ಹಿಡಿದವರ ಕಂತಿನಲ್ಲಿ ಮಾತ್ರ ಹತ್ತರಲ್ಲಿ ಒಂದು ಪಾಲನ್ನು ಮೊದಲ ದೊಡ್ಡ ಮಳೆ ಆದ ಮೇಲೆ ಕೊಡುವುದಾಗಿ ಮೊದಲೇ ಬರೆದುಕೊಳ್ಳಿ. ಒಳ್ಳೆಯ ಮೇಸ್ತ್ರಿ ಒಪ್ಪುತ್ತಾರೆ. ಒಪ್ಪದವರಿಗೆ ತಾರಸಿ ಕೆಲಸ ಒಪ್ಪಿಸಬೇಡಿ.